ಅರ್ಧಕ್ಕೆ ವಾಪಸ್

ಓದಿ ತಂದರೆ ಅರ್ಧ ಬೆಲೆಗೆ ವಾಪಸ್ ತೆಗೆದುಕೊಳ್ಳುತ್ತೇನೆ.
ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ
ಇಪ್ಪತ್ತೆರಡು ವರ್ಷದಿಂದ ಇದೇ ನನ್ನ ಕರಾರು.
ಕಾದಂಬರಿ ಹೋದರೆ ಹೋಯಿತು.
ಅಡುಗೆ ಪುಸ್ತಕ ಅರಸಿನ ಮೆತ್ತಿಕೊಂಡು ಒಮ್ಮೊಮ್ಮೆ ಬರುತ್ತದೆ.
ಇದೊಂದು ಮಾತ್ರ
ಗೋಣಿಯಲ್ಲಿ ಕಟ್ಟಿ ಕೂಳೂರು ಸಂಕದಾಚೆ ಬಿಟ್ಟ ಬೆಕ್ಕಿನ ಹಾಗೆ
ಮತ್ತೆ ಬಂದು ಹೊಸ್ತಿಲಲ್ಲಿ ಕೂರುತ್ತದೆ.

ರಟ್ಟು ಹೋಗಿದೆ. ಬರೆದವನ ಹೆಸರೂ ಹೋಗಿದೆ.
ಉಳಿದದ್ದು, ಗೆಲ್ಲುವುದು ಹೇಗೆ ಎಂಬುದಷ್ಟೆ.

ಮೊದಲು ಒಯ್ದವನು ತಾರಾನಾಥ, ಕಂಕನಾಡಿ ಲೈನಿನ ಕಂಡಕ್ಟರ್.
ನೀಲಿ ಶಾಯಿ.
'ಬೇಕು ಎಂದವನಿಗೆ ದಾರಿ ತಾನೇ ಬಗ್ಗುತ್ತದೆ' ಎಂಬಲ್ಲಿ
ಎರಡು ಗೆರೆ, ಪಕ್ಕದಲ್ಲೊಂದು ಬಸ್ಸಿನ ಚಿತ್ರ,
ಬಸ್ಸಿನ ಹಣೆಗೆ ಮಗಳ ಹೆಸರು.
ಮೂವತ್ತೊಂಬತ್ತನೇ ಪುಟದಲ್ಲಿ ಗುರುತಿಗೆ ಇಟ್ಟ ಟಿಕೆಟು
ಇನ್ನೂ ಅಲ್ಲೇ ಉಂಟು.

ಆಮೇಲೆ ಜುಲಿಯಾನಾ, ಬಿಜೈಯಲ್ಲಿ ಟೈಲರಿಂಗ್.
ಕೆಂಪು ಶಾಯಿ. ತಾರಾನಾಥನ ಗೆರೆಯ ಮೇಲೆಯೇ ಗೆರೆ,
ಬಿಟ್ಟುಹೋದ ಹೊಲಿಗೆಗೆ ಮತ್ತೆ ಹೊಲಿಗೆ ಹಾಕಿದ ಹಾಗೆ.
'ಜೂನ್ ಒಳಗೆ' ಅಂತ ಬರೆದಿದ್ದಾಳೆ.
ಯಾವ ಜೂನ್, ಬರೆದಿಲ್ಲ.

ಉಳ್ಳಾಲದ ಸಫಿಯಾ,
'ಐದು ವರ್ಷದ ಗುರಿ ಇಲ್ಲಿ ಬರೆಯಿರಿ' ಎಂಬ ಖಾಲಿ ಪುಟದಲ್ಲಿ
ವಾರದ ಬೀಡಿ ಲೆಕ್ಕ ಬರೆದಳು:
ಕಟ್ಟಿದ್ದು ಎಷ್ಟು ಸಾವಿರ, ಬ್ರಾಂಚಿನಲ್ಲಿ ತೆಗೆದು ಬಿಸಾಡಿದ್ದು ಎಷ್ಟು,
ಎಲೆ ಕಡಿಮೆ ಬಿತ್ತೆಂದು ಹಿಡಿದದ್ದು ಎಷ್ಟು.
ಪುಟದ ತಳದಲ್ಲಿ, ಬೇರೆ ಪೆನ್ನಿನಲ್ಲಿ, ಚಿಕ್ಕದಾಗಿ: ಬಿ.ಎಡ್.

ನಲವತ್ತನೇ ಪುಟದ ನಂತರ ಯಾರದ್ದೂ ಗೆರೆ ಇಲ್ಲ.
ಅಲ್ಲಿಂದ ಮುಂದೆ ಕಾಗದ ಹೊಸದರ ಹಾಗೆ ಗರಿಗರಿ.

ನಗಬೇಡಿ. ನಾನೂ ನಕ್ಕವನೇ.
ಗೆಲ್ಲಬೇಕಾದರೆ ನಾಲ್ಕೂವರೆಗೆ ಏಳಬೇಕಂತೆ.
ಅಷ್ಟು ಹೊತ್ತಿಗೆ ಧಕ್ಕೆಯಲ್ಲಿ ಭಾಗೀರಥಿಯಕ್ಕ
ಹರಾಜಿನಲ್ಲಿ ಎರಡು ಬುಟ್ಟಿ ಬೂತಾಯಿ ಹಿಡಿದು
ಐಸಿನವನ ಹತ್ತಿರ ಜಗಳ ಮುಗಿಸಿ
ಚಾ ಕುಡಿಯುತ್ತಿರುತ್ತಾಳೆ. ನಲವತ್ತು ವರ್ಷದಿಂದ.
ಪುಸ್ತಕದ ಪ್ರಕಾರ ಅವಳಿಗೆ ಈಗ ಮೂರು ಬಂಗಲೆ ಇರಬೇಕು.
ಇರುವುದು ಎರಡು ಮೊಣಕಾಲು, ಎರಡೂ ನೋವು.

ಒಮ್ಮೆ ಅವಳಿಗೆ ಓದಿ ಹೇಳಿದೆ,
ಎದುರು ಗಾಳಿಯನ್ನು ಗೆದ್ದ ಹತ್ತು ಮಂದಿಯ ಕಥೆ.
ಬುಟ್ಟಿ ಇಳಿಸದೆಯೇ ಕೇಳಿದಳು.
'ವಾಪಸ್ ಬಂದ ಬೋಟಿನವರು ಗಾಳಿ ಬಗ್ಗೆ ಭಾರೀ ಮಾತಾಡ್ತಾರೆ.
ಬಾರದವರ ಹತ್ತಿರ ಕೇಳಿದ್ದಾನಾ, ಇದನ್ನು ಬರೆದವ?'
ಮತ್ತೆ, ಸ್ವಲ್ಪ ಹೊತ್ತು ಬಿಟ್ಟು:
'ಇನ್ನೊಂದು ಓದು ಮಾರಾಯ. ಕೇಳ್ಲಿಕ್ಕೆ ಒಳ್ಳೆದುಂಟು.'

ಅದೇ ನೋಡಿ.
ಊರಿಡೀ 'ನಿನ್ನಿಂದ ಎಂತ ಆಗ್ತದೆ' ಎನ್ನುವಾಗ
ಈ ಹಳದಿ ಕಾಗದವೊಂದು ಹತ್ತಿರ ಕರೆದು, ಏಕವಚನದಲ್ಲಿ,
'ನಿನ್ನಿಂದ ಆಗ್ತದೆ' ಎನ್ನುತ್ತದೆ.
ಬ್ಯಾಂಕಿನ ಬಡ್ಡಿ, ಪರ್ಮಿಟ್ ಕೊಡುವವನ ಮುಖ,
ಹೆಸರು ಕೇಳಿದ ಕೂಡಲೇ 'ಮನೆ ಖಾಲಿಯಿಲ್ಲ' ಎನ್ನುವವರು,
ಒಂದೂ ಅದಕ್ಕೆ ಗೊತ್ತಿಲ್ಲ.
ಗೊತ್ತಿಲ್ಲದ್ದಕ್ಕೇ ಅಷ್ಟು ಧೈರ್ಯ.
ಸೋತಾಗಲೂ ಅದೇ ಏಕವಚನ: ತಪ್ಪು ನಿನ್ನದು.

ತಾರಾನಾಥ ತಂದುಕೊಟ್ಟ ದಿನ ಅರ್ಧ ದುಡ್ಡೂ ಮುಟ್ಟಲಿಲ್ಲ.
'ನಾನು ಸರಿಯಾಗಿ ಓದಲಿಲ್ಲ ಕಾಣ್ತದೆ,' ಅಂದ.
ಸಫಿಯಾ ಬರಲಿಲ್ಲ, ತಮ್ಮನ ಕೈಯಲ್ಲಿ ಕಳಿಸಿದ್ದಳು.
ಬಿ.ಎಡ್. ಎಂತಾಯಿತು ಅಂತ ನಾನು ಕೇಳಲಿಲ್ಲ.

ಈ ಮಳೆಗಾಲ ಕಟ್ಟಡದ ಧನಿ ಬಾಡಿಗೆ ಏರಿಸಿದ್ದಾನೆ.
ಗಿರಾಕಿ ಇಲ್ಲದ ಸಂಜೆ, ಶಟರು ಅರ್ಧ ಎಳೆದು
ಸುಮ್ಮನೆ ಅಂತ ತೆರೆದು ಕೂತೆ.
ನೀಲಿ, ಕೆಂಪು, ನಡುವೆ ಯಾರದೋ ಹಸಿರು;
ಗೆರೆಗಳ ಮಧ್ಯೆ ಅಕ್ಷರ ಹುಡುಕಬೇಕು.
ಕಿವಿಯ ಮೇಲಿನ ಪೆನ್ಸಿಲು ತೆಗೆದು
ಮೆಲ್ಲಗೆ, ಬಹಳ ಮೆಲ್ಲಗೆ, ಒಂದು ಗೆರೆ ಎಳೆದೆ.
ಮಾರುವ ಮೊದಲು ಉಜ್ಜಿದರಾಯಿತು.

ಶಟರಿನಡಿ ಯಾರದೋ ಒದ್ದೆ ಚಪ್ಪಲಿ.
'ಬಂದ್ ಆಯ್ತಾ?'
'ಇಲ್ಲ,' ಅಂದೆ. 'ಉಂಟು.'