ಬಿ ಬದಿ, ಎರಡನೇ ಹಾಡು

ಅಶೋಕ ರಸ್ತೆಯ ಗೇಟು ಬಿದ್ದಾಗಲೆಲ್ಲ
ಖಲಂದರ್ ಸಾಬರು ಕೈ ಎತ್ತುತ್ತಿದ್ದರು.
ಹಾರ್ಮೋನಿಯಂ ಉಸಿರು ಬಿಟ್ಟು ಕೂರುತ್ತಿತ್ತು.
ಗೂಡ್ಸ್ ಗಾಡಿ ಮುಗಿಯುವ ತನಕ
ನಾವು ಆರು ಜನ, ಬಾಯಿಗೆ ಬಂದ ಪದವನ್ನು
ಹಲ್ಲಿನ ಹಿಂದೆ ಹಿಡಿದುಕೊಂಡು ಕಾಯುತ್ತಿದ್ದೆವು.

ಸ್ಟುಡಿಯೋ ಅಂದರೆ ಹಳಿ ಪಕ್ಕದ ಮಂಡಕ್ಕಿ ಗೋದಾಮು.
ಸುತ್ತ ಚೀಲ, ಚೀಲದ ಮೇಲೆ ಚೀಲ.
"ಗೋಡೆಗಿಂತ ಮಂಡಕ್ಕಿ ವಾಸಿ, ದನಿ ನುಂಗ್ತೈತಿ" ಅಂದಿದ್ದರು ಸಾಬರು.
ನುಂಗಿತು. ಆದರೆ ಒರಗಿದರೆ ಪುರುಪುರು ಅನ್ನುತ್ತಿತ್ತು.
ಎ ಬದಿಯ ಮೊದಲ ಹಾಡಿನಲ್ಲಿ ಮಳೆಯಂತೆ ಕೇಳುವುದು
ಮಳೆಯಲ್ಲ, ಡೋಲಕ್ಕಿನ ಮಾರ್ಕಪ್ಪನ ಬೆನ್ನು.

ಲೇಯಮ್ಮ ಮಿಲ್ಲಿನ ರೀಲಿಂಗ್ ಖಾತೆಯವಳು.
ಹಾಡು ಬರೆದವಳಲ್ಲ, ಬರೆಯಲು ಬಾರದು.
ಹತ್ತೂ ಹಾಡನ್ನು ಬಾಯಲ್ಲೇ ಕಟ್ಟಿ
ಸಂಬಳದ ಚೀಟಿಗಳ ಬೆನ್ನ ಮೇಲೆ ನನ್ನಿಂದ ಬರೆಸಿದ್ದಳು.
ನನಗೆ ಹನ್ನೆರಡು. ಕೂಲಿ, ಹಾಡಿಗೊಂದು ಮಿರ್ಚಿ.
ಕಾಗುಣಿತದ ತಪ್ಪೆಲ್ಲ ನನ್ನವು,
ಸ್ವಾಮಿಯ ಜತೆ ಜಗಳವೆಲ್ಲ ಅವಳದು.

ಬಿ ಬದಿಯ ಎರಡನೆಯದರಲ್ಲಿ ಹೀಗೆ ಬರೆಸಿದ್ದಳು:

        ಬೆಳಗಿನ ಪಾಳಿಗೆ ನೀನೂ ಬಾರೋ
        ನನ್ನ ಸಂಗಡ ನಾಕು ಸಲ ಕೆಮ್ಮೋ

ನೆಹೆಮೀಯ ಅಯ್ಯನವರು ಕನ್ನಡಕ ತೆಗೆದು ಒರೆಸಿದರು.
"ಕರ್ತನು ಕೆಮ್ಮುವುದುಂಟೇ ಲೇಯಮ್ಮ?"
"ಕಣ್ಣೀರು ಹಾಕಿದ್ದು ಬರದೈತಲ್ಲ ಅಯ್ನೋರೆ,
ಹತ್ತಿ ಧೂಳು ಕುಡುದ್ರೆ ಕೆಮ್ಮೂ ಬರ್ತೈತಿ."
ಅವರು ಎರಡೂ ಸಾಲು ಹೊಡೆದು ಹಾಕಿ
ಪರಲೋಕ, ರಾಜ, ಕೃಪೆ ಎಂದೇನೋ ಬರೆದುಕೊಟ್ಟರು.
ಅಕ್ಷರ ದುಂಡಗಿದ್ದವು. ಪ್ರಾಸವೂ ಕೂಡಿತ್ತು, ಸುಳ್ಳು ಹೇಳಬಾರದು.

ಬೆಳಗಿನ ಜಾವ. ಆ ಜಾಗ ಬಂತು.
ಲೇಯಮ್ಮ ಅವರದ್ದನ್ನೂ ಹಾಡಲಿಲ್ಲ, ತನ್ನದನ್ನೂ ಹಾಡಲಿಲ್ಲ.
ಬಾಯಿ ಮುಚ್ಚಿ, ಕಣ್ಣು ಬಿಟ್ಟುಕೊಂಡೇ
ಎರಡು ಸಾಲಿನಷ್ಟು ಗುನುಗಿದಳು.
ಆಗಲೇ ನನ್ನ ಗಂಟಲಿಗೆ ಮಂಡಕ್ಕಿಯ ಹೊಟ್ಟು ಹತ್ತಿತು.

ಸತ್ಯವಂತ ಮೇಷ್ಟ್ರು ಕಿವಿ ಹಿಂಡಿದರು.
ಇನ್ನೊಂದು ಟೇಪು ಇರಲಿಲ್ಲ, ಮಿಲ್ಲಿನ ಸೈರನ್ನು ಹತ್ತಿರವಿತ್ತು.
ಮುನ್ನೂರು ಕ್ಯಾಸೆಟ್ಟು, ಒಂದಕ್ಕೆ ಹದಿನೆಂಟು ರೂಪಾಯಿ.
ಕವರಿನ ಮೇಲೆ ಲೇಯಮ್ಮ ಇಲ್ಲ,
ಯಾವುದೋ ದೇಶದ ಸರೋವರ, ಎರಡು ಹಂಸ.
ಮುನ್ನೂರರಲ್ಲೂ ನನ್ನ ಕೆಮ್ಮು.

ಆಮೇಲೆ ಹರಿಹರದಲ್ಲಿ, ಜಗಳೂರಲ್ಲಿ, ಹೊಳಲ್ಕೆರೆ ಕಡೆಯ ಮನೆಕೂಟಗಳಲ್ಲಿ
ಆ ಜಾಗ ಬಂದಾಗ ಎಲ್ಲರೂ ಗುನುಗುವುದನ್ನು ಕೇಳಿದ್ದೇನೆ,
ಹಾಡಿನ ಪದವೇ ಅದು ಎಂಬಂತೆ.
ಹಾಡಿನ ಪುಸ್ತಕದಲ್ಲಿ ಅಲ್ಲಿ ಚುಕ್ಕೆ ಚುಕ್ಕೆ ಚುಕ್ಕೆ,
ಕೆಳಗೆ: ಕರ್ತೃ ತಿಳಿದಿಲ್ಲ.
ಲೇಯಮ್ಮ ಅದೇ ಪುಸ್ತಕವನ್ನು ತಲೆಕೆಳಗಾಗಿ ಹಿಡಿದು
ಹೆಂಗಸರ ಸಾಲಿನಲ್ಲಿ ಎಲ್ಲರಿಗಿಂತ ಜೋರಾಗಿ ಹಾಡುತ್ತಿದ್ದಳು.
ಮಿಲ್ಲು ಮುಚ್ಚಿದ ಮೇಲೆ ಎರಡು ವರ್ಷ ಇದ್ದಳು.

ಈಗ ಎಲೀಶನ ಮಗ ಪ್ರಜ್ವಲ್
ಕಂಪ್ಯೂಟರಿನಲ್ಲಿ ಅದನ್ನು ತೊಳೆದಿಟ್ಟಿದ್ದಾನೆ.
"ರೈಲು ತೆಗ್ದೆ ಆಂಟಿ, ಪುರುಪುರು ತೆಗ್ದೆ,
ಯಾರೋ ಕೆಮ್ಮಿದ್ರು, ಅದನ್ನೂ ತೆಗ್ದೆ."
ಹೆಡ್‌ಫೋನನ್ನು ತಾನೇ ನನ್ನ ಕಿವಿಗೆ ಸಿಕ್ಕಿಸಿದ.
ಗಾಜಿನ ಬೀರುವಿನೊಳಗೆ ಕೂತು ಹಾಡಿದಂತಿತ್ತು ಲೇಯಮ್ಮ.
"ಚೆನ್ನಾಗೈತಿ ಕಣಪ್ಪ" ಅಂದೆ.
"ಇಲ್ಲಿ ಪದ ಏನಿತ್ತು? ಸ್ಕ್ರೀನಿಗೆ ಹಾಕ್ಬೇಕು."
ಕುಡಿಯಲು ನೀರು ಕೇಳಿದೆ.
ಅವನು ತರುವಷ್ಟರಲ್ಲಿ ಬೇರೆ ಮಾತು ಬಂತು.

ಭಾನುವಾರ ಪರದೆಯ ಮೇಲೆ, ದಪ್ಪ ಹಳದಿ ಅಕ್ಷರದಲ್ಲಿ:
        ಹ್ಮ್ ಹ್ಮ್ ಹ್ಮ್ ಹ್ಮ್
ಇಡೀ ಸಭೆ ಎದ್ದು ನಿಂತು ಓದಿಕೊಂಡು ಗುನುಗಿತು.
ನಾನು ಲೆಕ್ಕ ಹಾಕುತ್ತಿದ್ದೆ.
ಅವಳು ಕೇಳಿದ್ದು ನಾಕು.
ಆ ರಾತ್ರಿ ನಾನು ಕೆಮ್ಮಿದ್ದು ಎರಡೇ ಸಲ.