ದೇವೀರಮ್ಮನ ಮೊಳ

ದೊಡ್ಡ ಗಡಿಯಾರಕ್ಕೆ ಇನ್ನೂ ಹೊಸ ಗಾರೆಯ ವಾಸನೆ ಇದ್ದ ಕಾಲ.
ಅದಕ್ಕೂ ಚಿಕ್ಕ ಗಡಿಯಾರಕ್ಕೂ ನಟ್ಟನಡುವೆ ನನ್ನ ಮಣೆ,
ಒದ್ದೆ ಗೋಣಿಯ ಮೇಲೆ ಮಲ್ಲಿಗೆ, ಒಂದಿಷ್ಟು ಮರುಗ.
ಸಂಜೆ ಆರಕ್ಕೆ ಸರಿಯಾಗಿ ಬರೋರು
ಕಾಲೇಜಿನ ಅಳಸಿಂಗಯ್ಯಂಗಾರ್ರು:
ಕರೀ ಕೋಟು, ಅದರ ತೋಳಿಗೆಲ್ಲ ಸೀಮೆಸುಣ್ಣ,
ರುಮಾಲು ಒಂದು ಕಿವಿಗೆ ಜಾರಿ.
ಹೂ ಕೊಳ್ಳೋರಲ್ಲ. ನಿಂತು ಕೇಳೋರು:
“ಯಾವುದು ಮೊದಲು ಹೊಡೀತು ದೇವೀರಮ್ಮ?”

“ಎರಡೂ ಒಟ್ಟಿಗೇ ಬುದ್ಧಿ.”

ಮಾರನೇ ದಿನ ಟೌನ್‌ಹಾಲ್ ಹತ್ತಿರ ಕೇಳಿಸಿಕೊಂಡು ಬಂದು
“ನನಗೆ ದೊಡ್ಡದೇ ಮೊದಲು” ಅನ್ನೋರು.
ಅದರ ಮಾರನೇ ದಿನ ಮಾರ್ಕೆಟ್ಟಿನ ಬಾಗಿಲಿಂದ ಬಂದು
“ಇವತ್ತು ಚಿಕ್ಕದು.”
ಸುಳ್ಳು ಯಾರದು ಸ್ವಾಮಿ ಅಂದರೆ
“ಇದು ಬರೀ ಸದ್ದಿನ ಜಗಳ,
ಸದ್ದು ನಡೆದ ದೂರ ಕಳೆದುಬಿಟ್ಟರೆ ತೀರಿತು.
ಬೆಳಕಿನದು ಹಾಗಲ್ಲ ತಾಯಿ.
ಓಡೋ ರೈಲಲ್ಲಿ ಕೂತೋನಿಗೂ ಕಟ್ಟೆ ಮೇಲೆ ನಿಂತೋನಿಗೂ
ಎಲ್ಲಾ ಕಳೆದು ಕೂಡಿಸಿದ ಮೇಲೂ ಲೆಕ್ಕ ಒಂದಾಗೋದಿಲ್ಲ.
ಇಬ್ಬರೂ ಸತ್ಯವಂತರು.”

ಒಂದು ಸಲ ಒಬ್ಬಾಕೆ, ಉದ್ದ ಕೈಯವಳು,
ಮೊಳಕ್ಕೆ ನಾಲ್ಕು ಬೆರಳು ಕಮ್ಮಿ ಅಂತ ಜಗಳಕ್ಕೆ ಬಿದ್ದಳು.
ನಾನಂದೆ: “ನಿನ್ನ ಮೊಳ ನಿನ್ನ ಕೈಗೆ, ನನ್ನ ಮೊಳ ನನ್ನ ಕೈಗೆ,
ಹೂವೇನು ಕುಗ್ಗಿಲ್ಲ ಕಣವ್ವ.”
ಅಯ್ಯಂಗಾರ್ರು ಗೋಡೆ ಹಿಡಿದುಕೊಂಡು ನಕ್ಕರು, ಕೆಮ್ಮು ಬರೋವಷ್ಟು.
“ನಲವತ್ತು ಹಾಳೆ ಬರೆದೆನಲ್ಲೇ ಇದಕ್ಕೆ!”
ಆಮೇಲೆ ಮೆಲ್ಲಗೆ, ತಪ್ಪು ತಿದ್ದೋ ಮೇಷ್ಟ್ರ ಹಾಗೆ:
“ಹೂವೂ ಕುಗ್ಗುತ್ತೆ. ತುಂಬಾ ಜೋರಾಗಿ ಓಡಿದರೆ.”
ಮಲ್ಲಿಗೆ ಎಲ್ಲಿ ಓಡುತ್ತೆ ಬುದ್ಧಿ.

ಆ ನಲವತ್ತು ಹಾಳೆಗೆ ಏಳು ವರ್ಷ.
ಜರ್ಮನಿ ಮಾತನ್ನ ಒಬ್ಬ ಪಾದ್ರಿ ಹತ್ತಿರ ಕಲಿತರಂತೆ,
ಗುರುದಕ್ಷಿಣೆ ಪುಳಿಯೋಗರೆ ಗೊಜ್ಜು.
ಸೀಮೆಎಣ್ಣೆ ದುಡ್ಡೆಲ್ಲ ಅಂಚೆಗೆ ಸುರೀತಾರೆ ಅಂತ
ಮನೆಯವರು ಮುನಿಸಿಕೊಂಡು ಮೇಲುಕೋಟೆಗೆ ಹೋದರು.
ತಿರುಗೋ ಚಕ್ರದ ಅಂಚಲ್ಲಿ ಗಡಿಯಾರ ಹಿಂದೆ ಬೀಳುತ್ತಂತೆ,
ತೋರಿಸೋಕೆ ಹೋಗಿ ನನ್ನ ಬಾಳೆನಾರನ್ನೆಲ್ಲ ಗೋಜಲು ಮಾಡಿಟ್ಟರು.
ಕಟ್ಟು ಹಡಗು ಹತ್ತಿತು.

ಆಷಾಢ. ಮದುವೆಯಿಲ್ಲ, ಹೂವಿಗೆ ಬೆಲೆಯಿಲ್ಲ.
ಲಕೋಟೆ ಹಿಡಿದು ಬಂದವರು ನನ್ನ ಪಕ್ಕದ ಕಲ್ಲಿನ ಮೇಲೇ ಕೂತುಬಿಟ್ಟರು.
“ಲೆಕ್ಕ ಸರಿಯಿದೆಯಂತೆ.
ಎರಡು ತಿಂಗಳ ಹಿಂದೆ ಅಲ್ಲೊಬ್ಬ ಇದನ್ನೇ ಅಚ್ಚು ಹಾಕಿಸಿದ್ದಾನಂತೆ.”

ನನಗೆ ಗೊತ್ತಿದ್ದದ್ದೇ ಹೇಳಿದೆ:
“ಅಲ್ಲಿ ನಿಂತೋರಿಗೆ ಅವನು ಮೊದಲು.
ನನಗೆ ಎರಡೂ ಒಟ್ಟಿಗೇ ಕೇಳ್ತು ಬುದ್ಧಿ.”

ಕಣ್ಣು ತುಂಬಿತು. ಆದರೂ ತಲೆ ಅಲ್ಲಾಡಿಸಿದರು.
“ಇಲ್ಲ ದೇವೀರಮ್ಮ. ಅಷ್ಟು ದೂರಕ್ಕೆ ಬೆಳಕಿಗೆ
ಚಿಟಿಕೆ ಹೊಡೆಯೋಷ್ಟು ಹೊತ್ತೂ ಬೇಡ.
ಎರಡು ತಿಂಗಳು ಬಹಳ ದೊಡ್ಡದು.
ಯಾವ ರೈಲಲ್ಲಿ ಕೂತು ನೋಡಿದರೂ ಅವನೇ ಮೊದಲು.”

ಆವತ್ತೇ ಹೂ ಕೇಳಿದ್ದು, ಒಂದು ಮೊಳ.
ಯಾರ ಮೊಳ ಅಂದೆ.
ನಿನ್ನದೇ, ಅಂದರು.

ಹೋಗುವಾಗ ಕರಡು ಹಾಳೆಗಳ ಕಟ್ಟು ಬಿಟ್ಟರು,
ಹೂ ಸುತ್ತೋಕೆ ಆಗುತ್ತೆ ಅಂತ.
ಆಗೋದಿಲ್ಲ. ಮಲ್ಲಿಗೆಗೆ ಬಾಳೆ ಎಲೆಯೇ ಬೇಕು,
ಕಾಗದ ನೀರೆಲ್ಲ ಕುಡಿದುಬಿಡುತ್ತೆ.
ಹೇಳೋ ಮನಸ್ಸಾಗಲಿಲ್ಲ.
ಮಣೆಗೆ ಒಂದು ಕಾಲು ಗಿಡ್ಡ, ಅದರ ಕೆಳಗೆ ಕೊಟ್ಟೆ.
ಅಲ್ಲಾಡೋದು ನಿಂತಿತು.