ಎರಡು ಗಂಟೆಯ ಡಬ್ಬಿ

"ಎಷ್ಟು ಪೆಗ್ಗು?" ವಿರಾಜಪೇಟೆಯ ಡಾಕ್ಟರು ಮೊದಲು ಕೇಳಿದ್ದೇ ಅದು.
ಮುಟ್ಟಿಲ್ಲ ಅಂದೆ. ಕೊಡಗಿನವನ ಬಾಯಲ್ಲಿ ಅದನ್ನು ಯಾರು ನಂಬುತ್ತಾರೆ?
"ಹಾಗಾದರೆ ಉಣ್ಣೋದು ಎಷ್ಟು ಹೊತ್ತಿಗೆ?"

ಆನೆ ತೋಟ ದಾಟಿದ ಮೇಲೆ.
ಎರಡಕ್ಕೋ ಮೂರಕ್ಕೋ, ಜೀಪಿನ ಬಾನೆಟ್ಟಿನ ಮೇಲೆ
ತಣ್ಣನೆ ಅಕ್ಕಿರೊಟ್ಟಿ, ಹಂದಿಕರಿ. ಹನ್ನೊಂದು ವರ್ಷ.

ಈಲಿಗೂ ಗಡಿಯಾರವಿದೆಯಂತೆ.
ಕರುಳಲ್ಲಿ ಕಣ್ಣಿಗೆ ಕಾಣದ ಕೋಟಿ ಒಕ್ಕಲು,
ಅವಕ್ಕೂ ಹಗಲಿರುಳು.
ನಾನು ಸಿದ್ದಾಪುರದಲ್ಲಿ ಪಟಾಕಿ ಸಿಡಿಸುತ್ತ ಬೇಲಿ ಕಾಯುವಾಗ
ಒಳಗಿನ ಬೇಲಿ ಯಾವಾಗಲೋ ಮುರಿದು
ಹಿಂಡು ಈಲಿಗೆ ನುಗ್ಗಿತ್ತು.

ಬೋಜಕ್ಕ ನಗಲಿಲ್ಲ. ನೆನೆಹಾಕಿದ ಕಣಿಲೆಯ ನೀರು ಬಸಿಯುತ್ತ
"ಇದಕ್ಕೂ ಹೊತ್ತು ತಪ್ಪಿದರೆ ನಾರುತ್ತದೆ" ಅಂದಳು.

ಈಗ ಸಂಜೆ ಆರಕ್ಕೇ ಊಟ.
ಆದರೂ ಎರಡಾದರೆ, ವಾಕಿಟಾಕಿ ಸುಮ್ಮನಾದಾಗ,
ಕೈ ತಾನಾಗಿ ಬಾನೆಟ್ಟು ತಡವುತ್ತದೆ,
ಇಲ್ಲದ ಡಬ್ಬಿಗೆ.